ಗೌರಿಯ ಎರಡು ಸುಳಿ

ನಮ್ಮ ದೊಡ್ಡಪ್ಪ ಸಿನಿಮಾ ಪರದೆಯ ಮೇಲಿನ ಕರುವಿನ ಹಲ್ಲು ನೋಡಿ ಜಗಳಕ್ಕೆ ಎದ್ದಿದ್ದರು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ! ಅವತ್ತು ಯಲಹಂಕದ ಟೆಂಟಿನಲ್ಲಿದ್ದವರೆಲ್ಲ ನನಗೆ ಸಾಕ್ಷಿ.

ಬ್ಯಾಟರಾಯನಪುರದ ಸುತ್ತ ಯಾರೇ ದನ ಕೊಳ್ಳಲಿ, ಮೊದಲು ದೊಡ್ಡಪ್ಪನಿಗೆ ತೋರಿಸಬೇಕು. ಮೈಮೇಲೆ ಕೂದಲಿನ ಸುಳಿ ಎಲ್ಲೆಲ್ಲಿದೆ ಎಂದು ನೋಡಿ, ಮನೆಗೆ ಆಗಿಬರುತ್ತದೋ ಇಲ್ಲವೋ ಹೇಳುತ್ತಿದ್ದರು. ಹೇಳಿದ ಮೇಲೆ ಮುಗಿಯಿತು, ಬ್ರಹ್ಮ ಬಂದರೂ ಮಾತು ಬದಲಿಸುವವರಲ್ಲ. ಈ ಚಾಳಿ ದನಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅಕ್ಕನಿಗೆ ಗಂಡು ನೋಡಲು ಹೋದಾಗ ಹುಡುಗನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲವರೆಗೆ ನಡೆದು ತೋರಿಸಪ್ಪ ಎಂದುಬಿಟ್ಟರು. ಪಾಪ, ಆತ ನಡೆದ! ಈಗಲೂ ದೊಡ್ಡಪ್ಪನ ಮಾತು ಬಂದರೆ ನಮ್ಮ ಭಾವ ನೆಟ್ಟಗೆ ನಿಲ್ಲುತ್ತಾರೆ.

ನನಗೆ ಏಳು ವರ್ಷವಾಗಿದ್ದಾಗ ನಮ್ಮ ಹಸು ಹೆಣ್ಣುಗರು ಹಾಕಿತು. ಗೌರಿ ಎಂದು ಹೆಸರಿಟ್ಟವಳು ನಾನು. ಹಣೆಯಲ್ಲಿ ಎರಡು ಸುಳಿ ಕಂಡ ದೊಡ್ಡಪ್ಪ, ಇದು ಮನೆಗಾಗದು, ಹಾಲು ಬಿಟ್ಟ ಮೇಲೆ ಅಟ್ಟೂರಿನವನಿಗೆ ಕೊಡೋಣ ಎಂದರು. ಆತ ಸುಳಿಗಿಳಿ ನಂಬದ ಆಸಾಮಿ. ಕೊಡುವ ದಿನ ಹತ್ತಿರ ಬಂದಂತೆ ನಾನು ಊಟ ಬಿಟ್ಟೆ. ಸಮಾಧಾನ ಮಾಡಲು ದೊಡ್ಡಪ್ಪ ಗಾಡಿ ಕಟ್ಟಿ, ಮೊದಲ ಆಟಕ್ಕೆ ಟೆಂಟಿಗೆ ಕರೆದೊಯ್ದರು. ಬರೆದ ಬೊಂಬೆಗಳೇ ಕುಣಿದಾಡುವ ಇಂಗ್ಲಿಷ್ ಸಿನಿಮಾ. ಪೋಸ್ಟರಿನಲ್ಲಿ ಕರುವಿತ್ತಂತೆ, ಅದಕ್ಕೇ ಆರಿಸಿದರಂತೆ. ಕರುವಿಗಾಗಿ ಅಳುವ ಮಗುವಿಗೆ ಕರುವಿನದೇ ಸಿನಿಮಾ! ಇಂಥ ಉಪಾಯ ಇನ್ಯಾರಿಗೆ ಹೊಳೆದೀತು?

ಪರದೆಯ ಮೇಲೆ ಚುಕ್ಕೆ ಚುಕ್ಕೆಯ ಕರು ಬಾಯಿ ತೆರೆದು ನಕ್ಕಿತು. ದೊಡ್ಡಪ್ಪ ಎದ್ದೇ ನಿಂತರು.

“ಮೇಲ್ಗಡೆ ಅಲ್ಲು ಬರ್ದವ್ನೆ ನೋಡವ್ವ! ದನಕ್ಕೆ ಮುಂದ್ಗಡೆ ಮೇಲೆ ಅಲ್ಲು ಎಲ್ಲೈತೆ? ಇವ್ನು ದನಾನೇ ಕಂಡೋನಲ್ಲ.”

“ಕೂತ್ಕೊಳ್ಳಿ ಯಜಮಾನ್ರೇ, ಆ ಕರೂನ ನಿಮ್ಗೇನ್ ಮಾರ್ತಾ ಇಲ್ಲ,” ಎಂದ ಹಿಂದಿನವನೊಬ್ಬ. ಟೆಂಟಿಗೆ ಟೆಂಟೇ ನಕ್ಕಿತು.

ನನಗೆ ನಗು ಬರಲಿಲ್ಲ. ಮಾತು ಒಂದೂ ತಿಳಿಯದಿದ್ದರೂ ಕಥೆ ತಿಳಿಯುತ್ತಿತ್ತು. ಮೈಮೇಲೆ ಚುಕ್ಕೆಯಿದೆಯೆಂದು ಉಳಿದ ದನಗಳೆಲ್ಲ ಸೇರಿ ಆ ಕರುವನ್ನು ಕೊಟ್ಟಿಗೆಯಿಂದ ಓಡಿಸಿದವು. ಅದು ಮಂಜಿನಲ್ಲಿ ಒಂಟಿಯಾಗಿ ನಿಂತು ತಿರುಗಿ ನೋಡಿತು. ನೋಡಿದ್ದು ನನ್ನನ್ನೇ. ನನ್ನ ಪಾಲಿಗೆ ಅದು ಬೊಂಬೆಯಲ್ಲ, ಗೌರಿಯೇ.

“ದೊಡ್ಡಪ್ಪ, ಅದುಕ್ಕೆ ಎಷ್ಟು ಸುಳಿ?” ಎಂದೆ.

ಏಳೂರಿಗೆ ಸುಳಿ ಹೇಳಿದ ದೊಡ್ಡಪ್ಪ, ಕಣ್ಣಿಗೆ ಮರಳು ಬಿತ್ತು ಎಂದು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡವರು ಆಟ ಮುಗಿಯುವವರೆಗೂ ತೆಗೆಯಲಿಲ್ಲ.

ಗಾಡಿಯಲ್ಲಿ ಬರುವಾಗ ಮೆಲ್ಲಗೆ ಕೇಳಿದರು. “ಕೊನೇಗೆ ಆ ಕರ ಏನಾಯ್ತವ್ವ?”

“ದಾರಿ ತಪ್ಪಿದ್ ದನಾನೆಲ್ಲ ಅದೇ ಮನೆಗೆ ಕರ್ಕಂಡ್ ಬಂತು. ಒಳಕ್ಕೆ ಸೇರುಸ್ಕಂಡ್ರು.”

ಅವರು ಸುಮ್ಮಸುಮ್ಮನೆ ಎತ್ತುಗಳನ್ನು ಗದರಿಸಿದರು.

ಅಟ್ಟೂರಿನವನು ಬರುವ ದಿನ ಬೆಳಗ್ಗೆ ಕೊಟ್ಟಿಗೆಗೆ ಹೋದರೆ, ದೊಡ್ಡಪ್ಪ ಹರಳೆಣ್ಣೆ ಹಚ್ಚಿ, ದೊಡ್ಡಮ್ಮನ ಬಾಚಣಿಗೆಯಿಂದ ಗೌರಿಯ ಹಣೆ ಬಾಚುತ್ತಿದ್ದರು! ಎರಡನೆಯ ಸುಳಿ ಎಣ್ಣೆಯಲ್ಲಿ ಅಂಟಿ ಮಲಗಿತ್ತು.

“ನಾನ್ ನೋಡಿದ್ದೇ ತಪ್ಪಾಗೈತೆ ಕಣಪ್ಪ. ಒಂದೇ ಸುಳಿ. ಕರ ಕೊಡಾಕಿಲ್ಲ,” ಎಂದು ಊರವರ ಎದುರಿಗೇ ಅವನಿಗೆ ಹೇಳಿದರು. ಯಜಮಾನರ ಕಣ್ಣು ಮಂಜಾಯಿತಂತೆ ಎಂಬ ಸುದ್ದಿ ಅಟ್ಟೂರನ್ನೂ ದಾಟಿ ಹೋಯಿತು. ದನ ತೋರಿಸಲು ಬರುವವರು ಕಮ್ಮಿಯಾದರು.

ಸಂಜೆಯೊಳಗೆ ಎಣ್ಣೆ ಆರಿ ಸುಳಿ ಮತ್ತೆ ಎದ್ದು ನಿಂತಿತು. ಮಾರನೆಯ ದಿನ ಮತ್ತೆ ಬಾಚಿದರು. ಗೌರಿ ಹಸುವಾಗಿ ಮೂರು ಕರು ಹಾಕಿದರೂ ದಿನಾ ಬೆಳಗ್ಗೆ ಬಾಚುವುದು ನಿಲ್ಲಲಿಲ್ಲ. ಎಂಥ ಮನುಷ್ಯ ಅವರು!

ದೊಡ್ಡಪ್ಪ ತೀರಿಕೊಂಡ ಬೆಳಗ್ಗೆ ಅಂಗಳದ ತುಂಬ ಜನ. ಯಾರ ಕಣ್ಣಿಗೂ ಆ ಸುಳಿ ಬೀಳಬಾರದಲ್ಲ? ನಾನು ಬಾಚಣಿಗೆ ತೆಗೆದುಕೊಂಡು ಕೊಟ್ಟಿಗೆಗೆ ಹೋದೆ.