ನಾಗಪ್ಪನ ಅನ್ನಪ್ರಾಶನ

ಪೆನ್ಸಿಲಿನಷ್ಟು ದಪ್ಪವೂ ಇಲ್ಲದ ಹಾವಿನ ಮರಿಯೊಂದು ಪುರಂದರನ ರಜೆಯ ಮೇಲೆ ಸುರುಳಿ ಸುತ್ತಿ ಕುಳಿತಿತ್ತು.

ಮರಿ ಅವನದಲ್ಲ. ಕೊಲ್ಲಿ ದೇಶದ ಮುಸಫ್ಫಾದ ಕಬ್ಬಿಣದ ವರ್ಕ್‌ಶಾಪಿನಲ್ಲಿ ಅವನ ಮ್ಯಾನೇಜರ್ ಆಗಿದ್ದ ಅಲೆಕ್ಸಾಂಡರ್ ಸಾಹೇಬನದು. ವಿಷವಿಲ್ಲದ, ಕಿತ್ತಳೆ ಬಣ್ಣದ ಪರದೇಶಿ ಹಾವು. ಗುರುವಾರ ಲಂಡನ್ನಿಗೆ ಹೊರಡುವಾಗ ಸಾಹೇಬ ಗಾಜಿನ ಪೆಟ್ಟಿಗೆಯನ್ನು ಪುರಂದರನ ಕೈಗಿಟ್ಟು ಹೇಳಿದ್ದ: "ತಂದಾಗಿನಿಂದ ಇದು ಏನೂ ತಿಂದಿಲ್ಲ. ನಾಳೆ ಮೊದಲ ಊಟ ಮಾಡಿಸು. ನಾಲ್ಕು ಗಂಟೆಯೊಳಗೆ ವಿಡಿಯೋ ಕಳಿಸು, ಆಮೇಲೆ ನಿನ್ನ ರಜೆಯ ಅರ್ಜಿ ನೋಡುತ್ತೇನೆ. ನಿಮ್ಮವರು ಹಾವನ್ನು ಪೂಜಿಸುತ್ತಾರಲ್ಲ, ನಿನಗೆ ಎಲ್ಲ ಗೊತ್ತಿರುತ್ತದೆ."

ಪೂಜಿಸುವವನಿಗೆ ಸಾಕಲು ಬರುತ್ತದೆಂದು ಯಾವ ಶಾಸ್ತ್ರ ಹೇಳಿದೆ? ಸೂರ್ಯನನ್ನೂ ಪೂಜಿಸುತ್ತೇವೆ, ಹಾಗೆಂದು ಬೆಳಿಗ್ಗೆದ್ದು ಅವನಿಗೆ ಎಣ್ಣೆ ಹಾಕಿ ಹೊತ್ತಿಸುವವರು ನಾವೇ? ಪುರಂದರನ ಕಿವಿ ಸಿಟ್ಟಿನಿಂದ ಬಿಸಿಯಾಯಿತು. ಆದರೆ ಬುಧವಾರ ಉಡುಪಿಯಲ್ಲಿ ಮಗಳ ಅನ್ನಪ್ರಾಶನ. ಏಳು ತಿಂಗಳ ಆ ಕೂಸನ್ನು ಅವನು ಫೋನಿನ ಪರದೆಯ ಮೇಲಲ್ಲದೆ ಕಂಡವನಲ್ಲ. ಮೊದಲ ತುತ್ತು ತನ್ನ ಕೈಯಿಂದಲೇ ಎಂದು ಹೆಂಡತಿ ಸುಪ್ರೀತಾಳಿಗೆ ಮಾತು ಕೊಟ್ಟಿದ್ದ. ಪೆಟ್ಟಿಗೆಯನ್ನು ಮನೆಗೆ ಹೊತ್ತು ತಂದ.

ಅವನು ಬಾಡಿಗೆಗಿದ್ದ ಎಲೆಕ್ಟ್ರಾ ಸ್ಟ್ರೀಟಿನ ಫ್ಲ್ಯಾಟಿನಲ್ಲಿ ಅವನದು ಒಂದು ಕೋಣೆ ಮಾತ್ರ. ದೊಡ್ಡ ಕೋಣೆ ಮೈಸೂರಿನ ದ್ವಾರಕನಾಥ, ಸುಶೀಲಮ್ಮ ದಂಪತಿಗಳದು. ಇನ್ನೊಂದು ಕುಂದಾಪುರದ ನರ್ಸ್ ಪ್ರಫುಲ್ಲಾಳದು. ಅಡುಗೆಮನೆ ಎಲ್ಲರದು, ಹಾಗಾಗಿ ಗುಟ್ಟು ಯಾರದೂ ಅಲ್ಲ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಪುರಂದರ, ಸಾಹೇಬ ಪೆಟ್ಟಿಗೆಯ ಜೊತೆ ಕೊಟ್ಟಿದ್ದ ಚೀಟಿಯಂತೆ, ಹೆಪ್ಪುಗಟ್ಟಿದ ಎಳೆ ಇಲಿಮರಿಯೊಂದನ್ನು ಲೋಟದ ಬಿಸಿನೀರಿಗೆ ಹಾಕಿಟ್ಟ. ಮೀನನ್ನೂ ಮುಟ್ಟದ ಮನೆಯವನು. ಮುಖ ತಿರುಗಿಸಿಕೊಂಡೇ ಹಾಕಿದ. ಅಷ್ಟರಲ್ಲಿ ಬೆನ್ನ ಹಿಂದೆ ಬಳೆ ಸದ್ದಾಯಿತು.

"ಏನ್ರೀ ಅದು ಪುರಂದರ, ಲೋಟದಲ್ಲಿ ನೆನೆಹಾಕಿರೋದು?"

"ಬಾದಾಮಿ, ಸುಶೀಲಮ್ಮ."

"ಒಂದೇ ಒಂದಾ? ಇಷ್ಟು ಜಿಪುಣತನ ಒಳ್ಳೇದಲ್ಲಪ್ಪ," ಎಂದು ಅವರು ಬಗ್ಗಿ ನೋಡಿದರು. ಬಾದಾಮಿಗೆ ಬಾಲವಿತ್ತು.

ಸುಶೀಲಮ್ಮನ ಕೂಗಿಗೆ ದ್ವಾರಕನಾಥರು ಅರ್ಧ ಕ್ಷೌರದಲ್ಲೇ ಓಡಿಬಂದರು. ಪ್ರಫುಲ್ಲಾ ಟವೆಲ್ ಸುತ್ತಿದ ತಲೆಯೊಡನೆ ಬಂದಳು. ಪುರಂದರ ಕೋಣೆಗೆ ಕರೆದೊಯ್ದು ಪೆಟ್ಟಿಗೆ ತೋರಿಸಬೇಕಾಯಿತು. ಈಗ ಹೊರಗೆ ಹಾಕುತ್ತಾರೆಂದು ಅವನೆಣಿಸಿದರೆ ಸುಶೀಲಮ್ಮ ಸೆರಗು ಹೊದ್ದು ಕೈಮುಗಿದರು.

"ನಾಗಪ್ಪ! ಶುಕ್ರವಾರ ತಾನಾಗಿ ಮನೆಗೆ ಬಂದಿದ್ದಾನೆ. ಅವನಿಗೆ ನೀವು ಇಲಿ ತಿನ್ನಿಸ್ತೀರಾ? ನಾಚಿಕೆ ಆಗಲ್ವೇನ್ರೀ?"

"ಅದು ತಿನ್ನುವುದೇ ಇಲಿ ಮಾರಾಯ್ರೆ!"

"ಇಲಿ ಯಾರ ವಾಹನ?" ದ್ವಾರಕನಾಥರು ಸಾಬೂನಿನ ನೊರೆಯ ನಡುವಿನಿಂದ ಕೇಳಿದರು. "ಗಣಪತಿದು. ಹಾವು ಯಾರ ರೂಪ? ಸುಬ್ರಹ್ಮಣ್ಯಂದು. ಅಣ್ಣನ ಗಾಡಿಯನ್ನ ತಮ್ಮನಿಗೆ ತಿನ್ನಿಸಿ ಕೈಲಾಸದಲ್ಲಿ ಜಗಳ ತಂದಿಡ್ತೀರಾ?"

"ನಾಲ್ಕು ಗಂಟೆಯೊಳಗೆ ತಿನ್ನದಿದ್ದರೆ ನನಗೆ ರಜೆ ಇಲ್ಲ! ಮಗಳ ಅನ್ನಪ್ರಾಶನ ಉಂಟು!"

"ಹಾಲು ಕುಡಿಸಿದ್ರೆ ಆಯ್ತಪ್ಪ, ಅದೂ ಊಟಾನೇ," ಎಂದರು ಸುಶೀಲಮ್ಮ.

ಪುರಂದರ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಪೆಟ್ಟಿಗೆಯೊಳಗೆ ಬೆಳ್ಳಿಬಟ್ಟಲಿನ ಹಾಲು, ಅರಿಶಿನ, ಸೂಪರ್ ಮಾರ್ಕೆಟ್ಟಿನ ಪ್ಲಾಸ್ಟಿಕ್ ಸುತ್ತಿದ ಎಳನೀರು. ನಾಗಪ್ಪ ಹಾಲಿನಲ್ಲಿ ಅದ್ದಿ ತೆಗೆದ ಜಿಲೇಬಿಯಂತೆ ಮೂಲೆಯಲ್ಲಿ ಮುದುಡಿದ್ದ. ಸುದ್ದಿ ಲಿಫ್ಟಿಗಿಂತ ವೇಗವಾಗಿ ಮೂರು ಮಹಡಿ ಹತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಾಗಿಲ ಹೊರಗೆ ಇಪ್ಪತ್ತು ಜೊತೆ ಚಪ್ಪಲಿ. ಒಳಗೆ ತನ್ನ ಹಾಸಿಗೆಯ ಮೇಲೆ ತನಗೇ ಜಾಗವಿಲ್ಲ. ಹೆಸರು ತಿಳಿಯದ ಹೆಂಗಸೊಬ್ಬಳು ಅವನನ್ನೇ ತಡೆದು, "ಸಾಲಿನಲ್ಲಿ ಬನ್ನಿ," ಅಂದಳು.

"ಇದು ನನ್ನ ರೂಮು!" ಎಂದು ಪುರಂದರ ಕಿರುಚಿದ. "ಬಾಡಿಗೆ ಕೊಡುವವನು ನಾನು!"

"ದೇವರ ಮುಂದೆ ನಾನು, ನನ್ನದು ಅನ್ನಬಾರದು," ಅಂದಳು ಅವಳು.

ಪುರಂದರ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಹಾವು ಮಾರಿದ ಅಂಗಡಿಯ ಮೋನುವಿಗೆ ಫೋನು ಮಾಡಿದ. ಹೆಸರಿಗೆ ಮಲಯಾಳದ 'ಮಗ', ವಯಸ್ಸಿಗೆ ಐವತ್ತೈದು ದಾಟಿದ ಕಾಸರಗೋಡಿನ ಮನುಷ್ಯ.

"ಹಾಲಾ?" ಮೋನು ಅರಚಿದ. "ಸಾಯ್ತದೆ ಮಾರಾಯಾ! ಮೊದಲು ತೊಳಿ. ಇಲಿಯನ್ನು ಚಿಮಟದಲ್ಲಿ ಹಿಡಿದು ಮೂತಿಯ ಹತ್ತಿರ ಮೆಲ್ಲ ಅಲ್ಲಾಡಿಸು, ಜೀವ ಉಂಟು ಅಂತ ಅದಕ್ಕೆ ಕಾಣಬೇಕು. ಒಬ್ಬರೂ ಅಲುಗಬಾರದು. ಅಲುಗಿದ್ರೆ ಖಲಾಸ್."

ಗಂಟೆ ಮೂರು ಹೊಡೆದಿತ್ತು. ಹಾವನ್ನು ಬೆಚ್ಚಗಿನ ನೀರಲ್ಲಿ ತೊಳೆದು ಪೆಟ್ಟಿಗೆಗೆ ಬಿಟ್ಟ. ಆದರೆ ಇಪ್ಪತ್ತು ಜನರನ್ನು ಅಲುಗದಂತೆ ಕೂರಿಸುವುದು ಹೇಗೆ? ಬೇಡಿದ, ಗದರಿದ, ಯಲ್ಲಾ ಯಲ್ಲಾ, ನಡೆಯಿರಿ ಎಂದು ಬಾಗಿಲು ತೋರಿಸಿದ. ಒಬ್ಬರೂ ಕದಲಲಿಲ್ಲ, ಒಬ್ಬರೂ ಸುಮ್ಮನಾಗಲಿಲ್ಲ.

ಪ್ರಫುಲ್ಲಾ ಅವನ ಕಿವಿಯಲ್ಲಿ ಹೇಳಿದಳು: "ಪುರಂದರಣ್ಣ, ನೀವು ಅಡುಗೆ ಮಾಡುವಾಗ ಹೇಳ್ತೀರಲ್ಲ, ಆ ಪುರಾಣದ ಪದ್ಯ ಹೇಳ್ಲಿಕ್ಕೆ ಶುರು ಮಾಡಿ. ವಾಚನದ ನಡುವೆ ಯಾರಾದ್ರೂ ಎದ್ದು ಹೋಗ್ತಾರಾ? ಪಾಪ ಬರ್ತದಲ್ಲ."

ಅವಳ ಮಾತು ನಿಜ. ಅಜ್ಜನ ಬಳಿ ಕುಳಿತು ಕಲಿತ ಷಟ್ಪದಿಯೊಂದನ್ನು ಪುರಂದರ ರಾಗವಾಗಿ ಎತ್ತಿಕೊಂಡದ್ದೇ ತಡ, ಕೋಣೆ ಮಂತ್ರ ಹಾಕಿದಂತೆ ಸ್ತಬ್ಧವಾಯಿತು. ಪ್ರಫುಲ್ಲಾ ಫೋನು ಹಿಡಿದಳು. ಪುರಂದರ ಹಾಡುತ್ತಲೇ ಚಿಮಟದಲ್ಲಿ ಇಲಿಯನ್ನು ಒಳಗಿಟ್ಟ. ಕಣ್ಣು ಮುಚ್ಚಿಹೋಗಿತ್ತು, ಸಿಟ್ಟೆಲ್ಲ ರಾಗಕ್ಕಿಳಿದು, ಬಾಲ್ಯದ ಅಭ್ಯಾಸದಂತೆ ಕೈ ತಾನಾಗಿ ಲಯ ಹಾಕತೊಡಗಿತು. ಮೂರು ನಾಲ್ಕು, ಮೂರು ನಾಲ್ಕು. ಆ ಗತ್ತಿಗೆ ಇಲಿ ಜೀವ ಬಂದಂತೆ ಕುಣಿಯಿತು.

ನಾಗಪ್ಪ ತಲೆಯೆತ್ತಿ ಒಂದು ಸಾಲು ನೋಡಿದ. ಎರಡನೆಯ ಸಾಲಿಗೆ ಛಂಗನೆ ಹಾರಿ ಕಚ್ಚಿದ. ಪದ್ಯ ಮುಗಿಯುವಾಗ ಬಾಲವೊಂದೇ ಹೊರಗಿತ್ತು.

"ಗಣಪ್ಪಾ, ಕ್ಷಮಿಸಪ್ಪಾ," ಎಂದು ಸುಶೀಲಮ್ಮ ಕೆನ್ನೆ ತಟ್ಟಿಕೊಂಡರು. ಉಳಿದವರು ಚಪ್ಪಾಳೆ ಹೊಡೆದರು. ಮೂರು ಐವತ್ತಕ್ಕೆ ವಿಡಿಯೋ ಲಂಡನ್ನಿಗೆ ಹಾರಿತು. ಪುರಂದರ ಮಂಚದ ಕೆಳಗಿಂದ ಸೂಟ್‌ಕೇಸು ಎಳೆದು ಮಗಳ ಬೆಳ್ಳಿಚಮಚವನ್ನು ಮೊದಲು ಇಟ್ಟ.

ಹತ್ತು ನಿಮಿಷಕ್ಕೆ ಸಾಹೇಬನ ಉತ್ತರ ಬಂತು. ಪ್ರಫುಲ್ಲಾ ಗಟ್ಟಿಯಾಗಿ ಓದಿದಳು.

"ಪುರಂದರ, ನನ್ನ ಕಣ್ಣು ತುಂಬಿತು. ಇಬ್ಬರು ಡಾಕ್ಟರುಗಳು, ಅಂಗಡಿಯವನು, ನಾನು, ಎಲ್ಲರೂ ಸೋತಿದ್ದೆವು. ಅದು ನಿನ್ನ ಕೈಯಿಂದ ಮಾತ್ರ ತಿನ್ನುತ್ತದೆ. ಇನ್ನು ಐದು ದಿನಕ್ಕೊಮ್ಮೆ ಊಟ, ಮುಂದಿನದು ಬುಧವಾರ. ನಿನ್ನ ರಜೆಯ ಅರ್ಜಿಯನ್ನು ತಿರಸ್ಕರಿಸಿದ್ದೇನೆ. ಕಾರಣ: ಇವನಿಲ್ಲದೆ ಕೆಲಸ ನಡೆಯದು."

ಒಂಬತ್ತು ವರ್ಷದಲ್ಲಿ ಕಂಪನಿ ಅವನ ಬಗ್ಗೆ ಬರೆದ ಮೊದಲ ಒಳ್ಳೆಯ ಮಾತು ಅದು.

"ನೋಡಿದ್ರಾ, ಸೇವೆಗೆ ನಿಮ್ಮನ್ನ ನಾಗಪ್ಪನೇ ಹಿಡ್ಕೊಂಡ," ಎಂದರು ಸುಶೀಲಮ್ಮ. "ಬುಧವಾರ ನಾನು ಪಾಯಸ ಮಾಡ್ತೀನಿ. ಯಾವ ಪದ್ಯ ಹೇಳ್ತೀರಾ?"

ಪುರಂದರ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. "ನನ್ನ ಮಗಳಿಗೆ ಹಾಕಬೇಕಾದ ಮೊದಲ ತುತ್ತು, ನಿನಗೆ ಹಾಕಿದೆನಲ್ಲೋ ಪಾಪಿ!" ಅಂದ.

ನಾಗಪ್ಪ, ತುಂಬಿದ ಹೊಟ್ಟೆಯ ಮಕ್ಕಳು ಮಾಡುವಂತೆ, ಬಾಯಿ ದೊಡ್ಡದಾಗಿ ತೆರೆದು ಆಕಳಿಸಿದ.