ಗ್ಲೆನ್ ಹಾಕಿದ ಕಾಮೆಂಟು

ಬೆಳಗಿನ ಟೋಸ್ಟ್ ಕಡಿಯುತ್ತಲೇ ನೆರಿಡಾ ಮೊಬೈಲಿನ ಮೇಲೆ ಹೆಬ್ಬೆರಳು ಒತ್ತಿದಳು. ಕೆಂಪು ಹೃದಯವೊಂದು ಪುಳಕ್ಕನೆ ಹಾರಿತು. ಅದು ಹಾರಿದ್ದು ಟೋಬಿಯ ವಿಡಿಯೋಗೆ ಎಂದು ಕಂಡದ್ದೇ ಗಂಡ ಗ್ಲೆನ್ ಚಹಾದ ಲೋಟ ಕುಕ್ಕಿದ.

"ಅವನಿಗ್ಯಾಕೆ ಒತ್ತಿದೆ?"

"ಚೆನ್ನಾಗಿತ್ತು, ಒತ್ತಿದೆ. ನೀನೂ ಹಾಕು, ನಿಂಗೂ ಒತ್ತೀನಿ."

ಆಸ್ಟ್ರೇಲಿಯಾದ ಗಿಂಪಿ ಊರಿನಲ್ಲಿ ಗ್ಲೆನ್ ಮನೆ ಕಟ್ಟುವ ಕಸುಬು ಹಿಡಿದಾಗ ಟೋಬಿಗೆ ಮೂಗು ಒರೆಸಿಕೊಳ್ಳಲೂ ಬರುತ್ತಿರಲಿಲ್ಲ. ಈಗ ಅವನು ಒಂದು ಮೊಳೆ ಹೊಡೆದರೂ ಹಾಡು ಸೇರಿಸಿ ಫೇಸ್‌ಬುಕ್ಕಿಗೆ ಹಾಕುತ್ತಾನೆ, ಊರೇ ಮುಗಿಬೀಳುತ್ತದೆ. ಗ್ಲೆನ್ ಹಾಕಿದ್ದು ಒಂದೇ ವಿಡಿಯೋ, ಸಿಮೆಂಟು ಒಣಗುವುದು. ಮೆಚ್ಚಿದವಳು ಅವನ ಅತ್ತೆ ಒಬ್ಬಳೇ, ಅದೂ ಕೈತಪ್ಪಿ. ಕತೆಯ ರಾಕ್ಷಸನ ಪ್ರಾಣ ಗಿಳಿಯಲ್ಲಿ ಇರುವಂತೆ ಗ್ಲೆನ್‌ನ ಪ್ರಾಣ ಟೋಬಿಯ ಹೃದಯಗಳ ಎಣಿಕೆಯಲ್ಲಿ ಸಿಕ್ಕಿಕೊಂಡಿತ್ತು.

ಅಂದು ಸಂಜೆಯೇ ಬೌಲ್ಸ್ ಎಂಬ ಚೆಂಡುರುಳಿಸುವ ಆಟದ ಕ್ಲಬ್ಬಿನ ಸಭೆ. ಹೊಸ ಕಟ್ಟಡದ ಕೆಲಸ ಗ್ಲೆನ್‌ಗೋ ಟೋಬಿಗೋ ಎಂದು ತೀರ್ಮಾನ. ಅದು ತಪ್ಪಿದರೆ ಗ್ಲೆನ್‌ನ ಕಸುಬು ಮುಗಿದ ಹಾಗೆಯೇ.

ಹಾರ್ಡ್‌ವೇರ್ ಅಂಗಡಿಯ ಮುಂದೆ ಸಾಸೇಜ್ ಸುಡುತ್ತಿದ್ದ ಡೆಸ್ ಕೂಡ ಟೋಬಿಯ ವಿಡಿಯೋದ ಮಾತನ್ನೇ ಎತ್ತಿದ. "ಟೋಬಿ ವಿಡಿಯೋದಲ್ಲಿರೋ ಮರದ ಜಗಲಿ ನೋಡಿದ್ಯಾ ಗುರು? ಅದರ ಮೇಲೆ ಮದುವೆ ಆಗ್ಬೇಕು ಅನ್ಸುತ್ತೆ."

"ನಿಂಗೆ ಮದುವೆ ಆಗಿದೆ ಡೆಸ್."

"ಜಗಲಿ ನೋಡಿದ್ಮೇಲೆ ಮರೆತೇ ಹೋಯ್ತು."

ಗ್ಲೆನ್ ಗಾಡಿಯಲ್ಲಿ ಕೂತು ಡೋರೀನ್ ಎಂಬ ಸುಳ್ಳು ಹೆಸರಿನಲ್ಲಿ ಟೋಬಿಯ ವಿಡಿಯೋದ ಕೆಳಗೆ ಬರೆದ: "ಬಣ್ಣಕ್ಕೆ ಮರುಳಾಗಬೇಡಿ. ಆ ಜಗಲಿಯ ಕಂಬಗಳಿಗೆ ಗೆದ್ದಲು ಹಿಡಿದಿದೆ, ನಾನು ಕಣ್ಣಾರೆ ನೋಡಿದ್ದೇನೆ. ಕಟ್ಟಿದವನಿಗೆ ಕೋಳಿಗೂಡು ಕಟ್ಟಲೂ ಬಾರದು."

ಮಧ್ಯಾಹ್ನದೊಳಗೆ ಊರು ಕುದಿಯಿತು. "ಕಟ್ಟಿದ್ದು ಯಾರು, ಸರಿಯಾಗಿ ಹೇಳಿ" ಎಂದು ಯಾರೋ ಕೇಳಿದರು. ಡೋರೀನ್ ಬೆಂಕಿಗೆ ತುಪ್ಪ ಸುರಿದಳು: "ಹೌದು, ಧೈರ್ಯವಿದ್ದರೆ ಟೋಬಿ ಕ್ಲಬ್ಬಿನ ಸಭೆಯಲ್ಲೇ ಹೇಳಲಿ." ಗ್ಲೆನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಿಳ್ಳೆ ಹಾಕುತ್ತ ಸಭೆಗೆ ಹೋದ.

ಟೋಬಿ ಟೋಪಿ ಕೈಯಲ್ಲಿ ಹಿಡಿದು ಎದ್ದು ನಿಂತ. "ಆ ಡೋರೀನ್ ಯಾರೋ, ಪುಣ್ಯಾತ್ಗಿತ್ತಿ. ಜಗಲಿ ನಾನು ಕಟ್ಟಿದ್ದಲ್ಲ. ಹಳೇದನ್ನ ಉಜ್ಜಿ, ಬಣ್ಣ ಬಳಿದು, ಹೊಸ ಕಂಬಿ ಹಾಕ್ದೆ, ಅಷ್ಟೇ. ಕಟ್ಟಿದೋರ ಹೆಸರು ಹೇಳಬಾರದು ಅಂತಿದ್ದೆ, ಊರೆಲ್ಲ ಕೇಳ್ತಿದೆ." ಅವನು ತಿರುಗಿದ. "ಬೇಜಾರು ಮಾಡ್ಕೋಬೇಡಿ ಗ್ಲೆನ್. ಅದು ಮಾವಿಸ್ ಅಜ್ಜಿ ಮನೇದು. ನೀವೇ ಕಟ್ಟಿದ್ದು."

ಗ್ಲೆನ್ ಮೊಬೈಲು ತೆಗೆದು ಆ ವಿಡಿಯೋ ನೋಡಿದ. ಬಣ್ಣದ ಕೆಳಗಿನಿಂದ ತಾನೇ ಕಟ್ಟಿದ ಜಗಲಿ ಹೆತ್ತ ಮಗುವಿನಂತೆ ಮಿಕಿಮಿಕಿ ನೋಡಿತು.

"ಆ ಕಂಬಗಳಿಗೆ ಏನೂ ಆಗಿಲ್ಲ," ಎಂದ ಅವನು. "ಆ ಹೆಂಗಸು ಹೇಳ್ತಿರೋದು ಶುದ್ಧ ಸುಳ್ಳು."

ಅಧ್ಯಕ್ಷೆ ಮೆರ್ಲ್ ಕನ್ನಡಕ ಇಳಿಸಿದಳು. "ಅವಳ್ಯಾಕಪ್ಪಾ ಸುಳ್ಳು ಹೇಳ್ತಾಳೆ? ಅವಳಿಗೇನು ನಿನ್ನ ಕಂಡ್ರೆ ಹೊಟ್ಟೆಕಿಚ್ಚಾ?"

ಗ್ಲೆನ್ ಬಾಯಿ ತೆರೆದ. ಡೋರೀನ್ ಮುಚ್ಚಿಸಿದಳು.

ಕ್ಲಬ್ಬಿನ ಕಟ್ಟಡ ಟೋಬಿಯ ಪಾಲಾಯಿತು. ಮಾವಿಸ್ ಅಜ್ಜಿಯ ಗಟ್ಟಿಮುಟ್ಟಾದ ಜಗಲಿಯನ್ನು ಕೆಡವುವ ಕೆಲಸ ಮಾತ್ರ, ಕಟ್ಟಿದವನೇ ಬಿಟ್ಟಿಯಾಗಿ ಮಾಡಿಕೊಡಲಿ ಎಂದು ಸಭೆ ಒಮ್ಮತದಿಂದ ಗ್ಲೆನ್‌ಗೆ ವಹಿಸಿತು.