ಫ್ರಾನ್ಸಿನವರ ಹಾಗೆ ಒಂದು ಭಾನುವಾರ

೨೦೨೪ರ ನವೆಂಬರ್ ೧೭, ಭಾನುವಾರ, ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಹಿರೇಹಡಗಲಿಯ ಹೊರಗಿನ ಉಪಕಾಲುವೆಯಲ್ಲಿ ಒಂದು ದೋಣಿ, ಮದುಮಗಳು ತವರು ಬಿಡುವ ಹಾಗೆ ಹಿಂದಕ್ಕೂ ಮುಂದಕ್ಕೂ ತುಯ್ದಾಡಿ, ಕೊನೆಗೂ ದಡ ಬಿಟ್ಟಿತು.

ಈ ತಾಪತ್ರಯಕ್ಕೆಲ್ಲ ಮೂಲ ಒಂದು ಪರದೆ. ಗಂಗಾಧರನ ಫೋಟೋ ಸ್ಟುಡಿಯೋದಲ್ಲಿ ಅದು ತೂಗುತ್ತಿತ್ತು. ಅದರ ಮೇಲೆ ಫ್ರಾನ್ಸಿನ ಹಳ್ಳಿಗಾಡಿನ ಕಾಲುವೆಯ ಚಿತ್ರ, ದಡದಲ್ಲಿ ಸಾಲುಮರ, ಉದ್ದನೆಯ ದೋಣಿಯ ಮೇಲೆ ಕುರ್ಚಿ ಹಾಕಿಕೊಂಡು ಏನೂ ಮಾಡದೆ ಕೂತ ಗಂಡಹೆಂಡತಿ. ಅರ್ಧ ತಾಲ್ಲೂಕಿನ ನವದಂಪತಿಗಳನ್ನು ಅದರ ಮುಂದೆ ನಿಲ್ಲಿಸಿದ್ದ ಗಂಗಾಧರ ಒಂದು ದಿನ ಫೋನಿನಲ್ಲಿ ಹುಡುಕಿ ನೋಡಿದ. ಅಲ್ಲಿ ಜನ ವಾರಗಟ್ಟಲೆ ಹೀಗೆ ನಡಿಗೆಗಿಂತ ನಿಧಾನವಾಗಿ ತೇಲುತ್ತಾರಂತೆ. ಮನಸ್ಸಾದಾಗ ಇಳಿದು ಹಳ್ಳಿ ಸುತ್ತಿ, ಉಂಡು, ಮತ್ತೆ ಹತ್ತುತ್ತಾರಂತೆ.

ಅವನಿಗೆ ಹೆಂಡತಿಯ ನೆನಪಾಯಿತು. ಗಂಗಾಂಬಿಕಾ ಏನೂ ಮಾಡದೆ ಕೂತದ್ದನ್ನು ಮದುವೆಯ ಫೋಟೋದಲ್ಲಿ ಬಿಟ್ಟರೆ ಅವನು ಬೇರೆಲ್ಲೂ ಕಂಡಿರಲಿಲ್ಲ. ಮನೆ, ಎಮ್ಮೆ, ಹೊಲ ಎಲ್ಲ ಅವಳದೇ ಜವಾಬ್ದಾರಿ. ಒಂದೇ ಒಂದು ದಿನ ಅವಳನ್ನು ಸುಮ್ಮನೆ ಕೂರಿಸಬೇಕು ಎಂಬ ಹಟ ಹಿಡಿಯಿತು. ಹಳೆಯ ಪ್ಲಾಸ್ಟಿಕ್ ಡ್ರಮ್ಮುಗಳ ಮೇಲೆ ಸ್ಟುಡಿಯೋದ ಹಲಗೆ ಬಿಗಿದು ದೋಣಿ ಮಾಡಿ, ಎರಡು ಕುರ್ಚಿ ಇಟ್ಟ. ಅದೃಷ್ಟಕ್ಕೆ ಆ ವಾರ ಕಾಲುವೆಯೂ ತುಂಬಿ ನಿಂತಿತ್ತು.

“ಎಲ್ಲಿಗೆ ಹೊಂಟೀವ್ರಿ?” ಎಂದಳು ಗಂಗಾಂಬಿಕಾ.

“ಎಲ್ಲಿಗೂ ಇಲ್ಲ.”

“ಎಲ್ಲಿಗೂ ಹೋಗಾದಿಲ್ಲಂದ್ರ ಮನ್ಯಾಗ ಇರಬೌದಿತ್ತಲ್ಲ. ಅದಕ್ಕ ಡ್ರಮ್ ಯಾಕ ಬೇಕಿತ್ತು?”

ದಡದ ಮೇಲೆ ಪಕ್ಕದ ಮನೆಯ ನಾಗಕ್ಕ ಹೂವಿನ ಬುಟ್ಟಿ ಹೊತ್ತು ಬರುತ್ತಿದ್ದಳು. ದೋಣಿಗೆ ಜೊತೆಯಾಗಲು ಅವಳು ನಡಿಗೆಯನ್ನು ನಿಧಾನ ಮಾಡಬೇಕಾಯಿತು.

“ಯಾರು ತೀರಿಕೊಂಡಾರ, ಗಂಗಾಧರ?”

“ಯಾರೂ ಇಲ್ಲಕ್ಕ. ಸುಮ್ನ ಹೊಂಟೀವಿ.”

ಬೆಳಬೆಳಿಗ್ಗೆ ಹೆಂಡತಿಯೊಡನೆ ಗಂಡಸು ಸುಮ್ಮನೆ ಹೊರಡುವುದನ್ನು ನಾಗಕ್ಕ ಕಂಡವಳಲ್ಲ. “ಹೇಳಾಕ ಮನಸಿಲ್ಲಂದ್ರ ಬ್ಯಾಡ ಬಿಡಪ್ಪ,” ಎಂದು ಬುಟ್ಟಿಯನ್ನು ಹಲಗೆಯ ಮೇಲಿಟ್ಟಳು. “ಗಂಗಾಂಬಿ, ಹೆಂಗೂ ಖಾಲಿ ಕುಂತೀಯಲ್ಲ. ಈ ಮಲ್ಲಿಗಿ ಕಟ್ಟಿಬಿಡವ್ವ.”

ಗಂಗಾಂಬಿಕಾಳ ಮುಖ ಬಲ್ಬು ಹತ್ತಿದಂತೆ ಅರಳಿತು. ಗಂಗಾಧರ ಬುಟ್ಟಿಯನ್ನು ದಡಕ್ಕೆ ವಾಪಸು ಕಳಿಸಿದ. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಸಾಕ್ಷಿ ಹೇಳಲು ಬಂದವಳಂತೆ ಕೂತಳು.

ಹಳ್ಳಿ ಸುತ್ತುವ ಕಾರ್ಯಕ್ರಮವೂ ಆಯಿತು. ದಾರಿಯಲ್ಲಿ ಗೆಳೆಯ ಜೋಗಪ್ಪನ ಹೊಲದ ಗುಡಿಸಲಿಗೆ ಚಹಾಕ್ಕೆಂದು ಇಳಿದರು. ಗಂಗಾಧರ ಚಹಾ ಆರಿಸಿ ಕುಡಿಯುವಷ್ಟರಲ್ಲಿ ಗಂಗಾಂಬಿಕಾ ಅಲ್ಲಿದ್ದ ಶೇಂಗಾ ರಾಶಿಯ ಮುಂದೆ ಕೂತು ಕಾಯಿ ಬಿಡಿಸುತ್ತಿದ್ದಳು.

“ಇರಲಿ ಬಿಡಲೇ, ಅಕ್ಕಾರು ಆರಾಮ ಅದಾರ,” ಎಂದ ಜೋಗಪ್ಪ. ಅವಳನ್ನು ಎಬ್ಬಿಸಿ ಕರೆತರಲು ಗಂಗಾಧರನಿಗೆ ಸಾಕುಸಾಕಾಯಿತು.

ಮುಂದಿನ ತಿರುವಿನಲ್ಲಿ ದೋಣಿ ಮೆತ್ತಗೆ ಗುದ್ದಿ ನಿಂತಿತು. ಕಾಲುವೆಗೆ ಅಡ್ಡವಾಗಿ ಮರಳು ತುಂಬಿದ ಚೀಲಗಳ ಒಡ್ಡು. ದಡದಲ್ಲಿ ಬೀರಲಿಂಗೇಶ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅವನ ಹೊಲ ಕಾಲುವೆಯ ತುತ್ತತುದಿಗೆ. ನೀರು ಯಾಕೆ ಬರುತ್ತಿಲ್ಲವೆಂದು ಹುಡುಕುತ್ತ ಬಂದಿದ್ದ.

“ನೋಡ್ರಿ ಅಣ್ಣಾರ, ಯಾರೋ ಅಡ್ಡ ಹಾಕ್ಯಾರ. ಅಲ್ಲಿ ನನ್ನ ಬೆಳಿ ಬಾಡಾಕತ್ತೈತಿ.”

“ಹಿಂದಕ ಹೋಗೂನು ನಡ್ರಿ,” ಎಂದಳು ಗಂಗಾಂಬಿಕಾ, ತಗ್ಗಿದ ದನಿಯಲ್ಲಿ. “ನನಗ ಭಾಳ ಆರಾಮ ಆತು. ಸಾಕು.”

“ಫ್ರಾನ್ಸಿನ್ಯಾಗ ಕಾಲುವಿಗೆ ಅಡ್ಡ ಗೇಟ್ ಬಂತಂದ್ರ ದೋಣ್ಯಾಗಿನವರ ಇಳದು ತಗೀತಾರ,” ಎಂದು ಗಂಗಾಧರ ಪ್ಯಾಂಟು ಮಡಚಿ ನೀರಿಗಿಳಿದ. “ಬೀರಲಿಂಗೇಶ್, ಆ ಕಡಿ ಹಿಡಿ.”

ಒಂದೊಂದು ಚೀಲಕ್ಕೂ ಗಂಗಾಧರನ ಬಾಯಿಂದ ಒಂದೊಂದು ಮಾತು ಹೊರಬಿತ್ತು. “ನಾಲಿ ನೀರು ಎಲ್ಲಾರ್ದು. ಇದನ್ನ ಕಟ್ಟಿದವರು ಮನಷ್ಯಾರಲ್ಲ.” ಇನ್ನೊಂದು ಚೀಲ. “ಇಂಥವರ ಮನ್ಯಾಗ ಉಣ್ಣಾಕ ಹೆಂಗ ಮನಸು ಬರತೈತೋ.”

ಗಂಗಾಂಬಿಕಾ ಆಕಾಶ ನೋಡುತ್ತಿದ್ದಳು.

ಕೊನೆಯ ಚೀಲ ಎದ್ದದ್ದೇ ತಡ, ನೀರು ಶಾಲೆ ಬಿಟ್ಟ ಮಕ್ಕಳಂತೆ ಕೆಳಗಿನ ಹೊಲಗಳ ಕಡೆಗೆ ಓಡಿತು. ಬೀರಲಿಂಗೇಶ್ ಅದನ್ನೇ ನೋಡುತ್ತ ನಕ್ಕ. ಗಂಗಾಧರ ಗೆದ್ದವನಂತೆ ದೋಣಿ ಹತ್ತಿ ಕೋಲು ಒತ್ತಿದ. ದೋಣಿ ಕದಲಲಿಲ್ಲ. ಡ್ರಮ್ಮುಗಳು ಕೆಸರಿಗೆ ಕೂತಿದ್ದವು.

“ನೀರು ಎಲ್ಲಿ ಹೋತು?”

“ನೀವ ಬಿಟ್ರಲ್ಲ,” ಎಂದಳು ಗಂಗಾಂಬಿಕಾ. “ಒಡ್ಡು ಇತ್ತಂತ ನೀರು ನಿಂತಿತ್ತು. ನೀರು ನಿಂತಿತ್ತಂತ ನಿಮ್ಮ ಫ್ರಾನ್ಸು ತೇಲತಿತ್ತು.” ದಡದಾಚೆಯ ಉಳ್ಳಾಗಡ್ಡಿ ಬೆಳೆಯತ್ತ ಕೈ ಮಾಡಿದಳು. “ಅದು ನಮ್ಮ ಹೊಲ ರೀ. ವರ್ಷಕ್ಕೊಮ್ಮೆಯರ ಬಂದಿದ್ರ ಗುರುತು ಸಿಗತಿತ್ತು. ಒಡ್ಡು ಕಟ್ಟಿದ ಆ ಮನಷ್ಯಾಳಲ್ಲದಾಕಿ ನಾನ.”

ಬೀರಲಿಂಗೇಶ್ ಅವಳನ್ನು ನೋಡಿದ, ಒದ್ದೆ ಪ್ಯಾಂಟಿನ ಗಂಗಾಧರನನ್ನು ನೋಡಿದ. ಸಿಟ್ಟು ಬರಬೇಕಾದ ಕಡೆ ನಗು ಬಂತು.

“ಅಕ್ಕಾರ, ಇವತ್ತು ನನಗ ಬಿಡ್ರಿ. ನಾಳಿ ನೀವು ಹಾಯಿಸಿಕೊಳ್ರಿ. ದಿನ ಬಿಟ್ಟು ದಿನ ಮಾಡೂನು. ಮೊದಲ ಒಂದ ಮಾತು ಕೇಳಿದ್ರ ಆಗತಿತ್ತಲ್ಲ.”

“ಕುಂತು ಮಾತಾಡಾಕ ನನಗೆಲ್ಲಿ ಪುರಸೊತ್ತಿತ್ತಪ್ಪ,” ಎಂದಳವಳು. “ಇವತ್ತ ನೋಡು ಕುಂತಿದ್ದು.”

“ಆದ್ರ ದಿನಾ ಒಡ್ಡು ಕಟ್ಟೋರು, ತೆಗ್ಯೋರು ಯಾರು?” ಎಂದ ಬೀರಲಿಂಗೇಶ್.

“ದೋಣ್ಯಾಗಿನವರು,” ಎಂದಳು ಗಂಗಾಂಬಿಕಾ. “ಫ್ರಾನ್ಸಿನ್ಯಾಗ ಹಂಗ ಅಂತ.”

ಅವಳು ಕುರ್ಚಿಗೆ ಬೆನ್ನು ಕೊಟ್ಟು, ಎದುರು ಕುರ್ಚಿಯ ಮೇಲೆ ಕಾಲು ಚಾಚಿದಳು. “ಈಗ ಚಲೋ ಐತಿ ನೋಡ್ರಿ. ಅಲುಗಾಡಂಗಿಲ್ಲ. ಊಟದ ಹೊತ್ತಿನತನ ಹಿಂಗ ಇರೂನು.”

ಗಂಗಾಧರ ಮತ್ತೆ ಕೆಸರಿಗಿಳಿದು ಹಿಂದಿನಿಂದ ತಳ್ಳಿ ನೋಡಿದ. ದೋಣಿ ತೇಲಲು ಆರು ಇಂಚು ನೀರು ಬೇಕಿತ್ತು. ಕಾಲುವೆಯಲ್ಲಿದ್ದದ್ದು ಎರಡೂವರೆ ಇಂಚು.